ಮೂವತ್ತು ಕುದುರೆ ಹೆಚ್ಚಾದ್ರೆ ಸಾಕಾ?

ನಾನು ಸಾಫ್ಟ್‌ವೇರ್ ಕೆಲಸದವನು ಅಂತ ಗೊತ್ತಾದ ಕೂಡಲೇ ಮೊದಲೆಲ್ಲ ಯಾವ ಲ್ಯಾಪ್‌ಟಾಪ್ ಕೊಳ್ಳಲಿ ಅಂತ ಕೇಳ್ತಿದ್ರು. ಈಗ ಗದಗ-ಬೆಟಗೇರಿ ಹುಡುಗರ ಪ್ರಶ್ನೆಯೇ ಬೇರೆ: ‘ಕಾರ್ ರೀಮ್ಯಾಪ್ ಮಾಡಿಸಬಹುದಾ?’ ಟರ್ಬೊ ಪೆಟ್ರೋಲ್ ಸೆಡಾನ್ ಇರುವ ಮನೆಯಲ್ಲಿ ಈ ಮಾತು ಇವತ್ತಲ್ಲ ನಾಳೆ ಬರುತ್ತೆ. ಹಿರಿಯರಿಗೂ ಅರ್ಥ ಆಗಲಿ ಅಂತ ಈ ಸಲ ಅದನ್ನೇ ಬರೀತಿದ್ದೀನಿ.

ಕಪ್ಪತಗುಡ್ಡದ ಗಾಳಿಯಂತ್ರ ನೋಡಿದ್ದೀರಲ್ಲ? ಟರ್ಬೊ ಅಂಥದೇ ಒಂದು ಪುಟ್ಟ ಚಕ್ರ. ಅದನ್ನು ತಿರುಗಿಸೋದು ಎಂಜಿನ್ನಿನ ಹೊಗೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುತ್ತೆ. ಎಷ್ಟು ಒತ್ತಬೇಕು, ಎಷ್ಟು ಪೆಟ್ರೋಲ್ ಬಿಡಬೇಕು, ಕಿಡಿ ಯಾವಾಗ ಹಾರಬೇಕು ಅನ್ನೋದೆಲ್ಲ ಇಸಿಯು ಎಂಬ ಕಂಪ್ಯೂಟರಿನ ಕೋಷ್ಟಕಗಳಲ್ಲಿರುತ್ತೆ. ಆ ಅಂಕಿಗಳನ್ನು ತಿದ್ದೋದೇ ರೀಮ್ಯಾಪ್. 150 ಕುದುರೆಯ ಎಂಜಿನ್ 180ರ ಹತ್ತಿರ ಬರುತ್ತೆ, ಒಂದು ಬೋಲ್ಟೂ ಬಿಚ್ಚದೆ.

ಹಾಗಾದ್ರೆ ಕಂಪನಿಯವರೇ ಯಾಕೆ ಕೊಡಲಿಲ್ಲ? ಅವರು ಉಳಿಸಿದ ಅಂತರ ದಂಡಕ್ಕಲ್ಲ. ಮೇ ತಿಂಗಳ ಮಧ್ಯಾಹ್ನ ಮುಂಡರಗಿ ಬಿಸಿಲಲ್ಲಿ ಎಂಜಿನ್ ಎಳೆದುಕೊಳ್ಳೋ ಗಾಳಿಯೇ ಕಾದಿರುತ್ತೆ. ಕಾದ ಗಾಳಿ, ಹೆಚ್ಚು ಒತ್ತಡ, ಕಡಿಮೆ ಆಕ್ಟೇನ್ ಪೆಟ್ರೋಲ್ ಮೂರೂ ಸೇರಿದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಹೊತ್ತಿಕೊಂಡು ಪಿಸ್ಟನ್ನಿಗೆ ಏಟು ಬೀಳುತ್ತೆ. ಹೆಚ್ಚು ಆಕ್ಟೇನ್ ಪೆಟ್ರೋಲ್ ನಮ್ಮೂರ ಬಂಕಿನಲ್ಲಿ ದಿನಾ ಸಿಗುತ್ತಾ ಅಂತ ಮೊದಲು ನೋಡಬೇಕು.

ಲಕ್ಷ್ಮೇಶ್ವರದಲ್ಲಿರೋ ನಮ್ಮ ಚಿಗವ್ವನ ಮಗ ಸ್ಲಾವಿಯಾ 1.5 ತಗೊಂಡಾನ. ಆಟೊಮ್ಯಾಟಿಕ್ ಗಾಡಿ. ‘ಅಣ್ಣಾ, ಒಂದೆರಡು ತಾಸಿನ ಕೆಲಸ ಅಂತ, ಮಾಡಿಸಿಬಿಡ್ಲೇನು?’ ಅಂತ ಫೋನ್ ಮಾಡಿದ. ‘ಗೇರ್‌ಬಾಕ್ಸ್ ಏನಂತೈತಿ ಕೇಳಿಯೇನು?’ ಅಂದೆ. ಆ ಎಂಜಿನ್ನಿನ ಟಾರ್ಕ್ 250 ಎನ್‌ಎಂ. ಅದರ ಏಳು ಗೇರಿನ ಡಿಎಸ್‌ಜಿ ತಾಳಲೆಂದು ಮಾಡಿದ್ದೂ 250ಕ್ಕೇ. ಅದರ ಮೇಲೆ ಹೇರಿದ್ದೆಲ್ಲ ಕ್ಲಚ್ಚಿನ ಆಯಸ್ಸಿನಿಂದ ಕಳೀತದ. ಪುಣ್ಯಕ್ಕೆ ಹುಡುಗ ಲೆಕ್ಕ ಬಲ್ಲವ, ಸುಮ್ಮನಾದ.

ಆದರೆ ನನಗೆ ಹೆಚ್ಚು ಭಯ ರಸ್ತೆಯದು. ಗದಗದಿಂದ ಶಿರಹಟ್ಟಿ, ಲಕ್ಷ್ಮೇಶ್ವರ ಕಡೆ ಹೋಗಿ ನೋಡಿ. ಸುಗ್ಗಿಯಲ್ಲಿ ಅರ್ಧ ರಸ್ತೆಯೇ ಕಣ, ಗೋವಿನಜೋಳ ಒಣಗ್ತಿರುತ್ತೆ. ಮಳೆ ಬಂದರೆ ಟ್ರ್ಯಾಕ್ಟರ್ ಗಾಲಿಗೆ ಅಂಟಿದ ಎರೆಮಣ್ಣು ಡಾಂಬರಿನ ಮೇಲೆ ಎಣ್ಣೆಯಂತೆ ಜಾರುತ್ತೆ. ಸಂಜೆಗೆ ಕುರಿಹಿಂಡು, ದೀಪವಿಲ್ಲದ ಚಕ್ಕಡಿ. 80ರಿಂದ 120ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಮಾತ್ರ ಎರಡೂಕಾಲು ಪಟ್ಟು! ಎದುರಿನದು ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಕಾರು 33 ಮೀಟರ್ ಓಡಿರುತ್ತೆ. ಇದನ್ನು ತಿದ್ದೋ ಸಾಫ್ಟ್‌ವೇರ್ ಯಾವ ಟ್ಯೂನರ್ ಹತ್ತಿರವೂ ಇಲ್ಲ.

ಕಾನೂನೂ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗುವಂತೆ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ನಿಯಮ ಮೀರಿದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ವಾರಂಟಿ ಹೋಗಬಹುದು. ಹೇಳದೆ ಮಾಡಿಸಿದ್ದು ಇನ್ಶೂರೆನ್ಸ್ ಕ್ಲೇಮಿನ ಹೊತ್ತಿಗೆ ತಕರಾರಾಗಬಹುದು. ಆಗ ಓಡಾಡೋರು ಮನೆಯವರೇ.

ವೇಗದ ಆಸೆ ತಪ್ಪಲ್ಲ, ನನಗೂ ಇದೆ. ಅದಕ್ಕೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಇವೆ. ಅಲ್ಲಿ ಎದುರಿಗೆ ಚಕ್ಕಡಿ ಬರಲ್ಲ. ಊರ ರಸ್ತೆಗಾದರೆ ರೀಮ್ಯಾಪಿಗೆ ಎತ್ತಿಟ್ಟ ದುಡ್ಡಲ್ಲಿ ಮೊದಲು ಒಳ್ಳೆ ಟೈರ್, ಆಮೇಲೆ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್, ಹೊತ್ತಿಗೆ ಸರಿಯಾಗಿ ಎಂಜಿನ್ ಆಯಿಲ್. ತಮ್ಮ ಸದ್ಯ ನಾಲ್ಕು ಟೈರ್ ಹಾಕಿಸಿದ್ದಾನೆ. ‘ಅಣ್ಣಾ, ಗಾಡಿ ರಸ್ತೆ ಹಿಡಿದು ನಿಲ್ಲತೈತಿ’ ಅಂತಾನೆ. ಚಿಗವ್ವ ಈಗ ಮುಂದಿನ ಸೀಟಿನಲ್ಲೇ ಕೂಡ್ತಾಳಂತೆ.