ಪುಷ್ಪಕ್ ಇರುವಾಗ ಗಗನಯಾನಕ್ಕೆ ಪ್ಯಾರಾಚೂಟ್ ಯಾಕೆ?

2024ರ ಜೂನ್ 23ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಇಸ್ರೋದ ರೆಕ್ಕೆಯ ವಾಹನ 'ಪುಷ್ಪಕ್' ಮೂರನೇ ಸಲ ತಾನಾಗಿಯೇ ರನ್‌ವೇಗೆ ಇಳಿಯಿತು. 2025ರ ಆಗಸ್ಟ್ 24ರಂದು ಗಗನಯಾನದ 4.8 ಟನ್ ತೂಕದ ಮಾದರಿ ಕ್ಯಾಪ್ಸೂಲ್ ಪ್ಯಾರಾಚೂಟ್‌ಗಳಿಗೆ ಜೋತುಬಿದ್ದು ಸಮುದ್ರಕ್ಕೆ ಬಿತ್ತು. ಎರಡನ್ನೂ ಮೇಲಿಂದ ಬಿಟ್ಟಿದ್ದು ಚಿನೂಕ್ ಹೆಲಿಕಾಪ್ಟರ್. ಯಲಹಂಕದ ಏರ್ ಶೋ ನೋಡಿ ಬೆಳೆದವರಿಗೆ ಮೊದಲನೆಯದೇ ಸರಿ ಅನ್ನಿಸೋದು ಸಹಜ. ವಿಮಾನದ ಹಾಗೆ ಇಳಿಯೋಕೆ ಬರುವಾಗ, ಮನುಷ್ಯರನ್ನು ಸಮುದ್ರಕ್ಕೆ ಯಾಕೆ ಕೆಡವಬೇಕು?

ಆದರೆ ಅದು ವಿಮಾನದ ಹಾಗೆ ಇಳಿಯೋದಿಲ್ಲ. ದೇವನಹಳ್ಳಿಗೆ ಬರುವ ವಿಮಾನದ ಲೆಕ್ಕ ತಪ್ಪಿದರೆ ಪೈಲಟ್ ಮತ್ತೆ ಮೇಲೇರಿ ಒಂದು ಸುತ್ತು ಹಾಕಿ ಬರಬಹುದು. ಇಳಿಯುವಾಗ ಪುಷ್ಪಕ್‌ಗೆ ಎಂಜಿನ್ ಬಲವಿಲ್ಲ, ಅಮೆರಿಕದ ಸ್ಪೇಸ್ ಶಟಲ್‌ಗೂ ಇರಲಿಲ್ಲ. ಗಂಟೆಗೆ 320 ಕಿ.ಮೀ.ಗೂ ಹೆಚ್ಚು ವೇಗ, ಸಿಗೋದು ಒಂದೇ ಅವಕಾಶ.

ಅದಕ್ಕಿಂತ ದೊಡ್ಡ ಪರೀಕ್ಷೆ ರನ್‌ವೇ ಕಾಣುವ ಮೊದಲೇ ಇದೆ. ಕಕ್ಷೆಯಿಂದ ಮರಳುವ ನೌಕೆಯ ವೇಗ ಗಂಟೆಗೆ ಸುಮಾರು 28,000 ಕಿ.ಮೀ. ರೆಕ್ಕೆಯ ನೌಕೆ ಆ ಬೆಂಕಿಯಲ್ಲಿ ಸರಿಯಾದ ಕೋನ ಹಿಡಿದೇ ಇರಬೇಕು, ಕೈತಪ್ಪಿದರೆ ಮುಗೀತು. ಕ್ಯಾಪ್ಸೂಲ್‌ನ ತೂಕವನ್ನು ಬುಡದ ಕಡೆ ಹೊಂದಿಸಿರುತ್ತಾರೆ, ಅದು ಸಾಮಾನ್ಯವಾಗಿ ತಾನಾಗಿಯೇ ಬುಡ ಮುಂದಾಗಿ ತಿರುಗಿಕೊಳ್ಳುತ್ತದೆ. 2008ರಲ್ಲಿ ಸೋಯುಜ್ ಟಿಎಂಎ-11 ದಾರಿ ತಪ್ಪಿ ಗುರಿಯಿಂದ 400 ಕಿ.ಮೀ.ಗೂ ಹೆಚ್ಚು ದೂರ ಬಿತ್ತು. ಒಳಗಿದ್ದ ಮೂವರೂ ಬದುಕಿದರು.

2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಮತ್ತು ಆರು ಸಹಯಾತ್ರಿಗಳಿಗೆ ಆ ಅವಕಾಶ ಸಿಗಲಿಲ್ಲ. ಉಡಾವಣೆಯಾಗಿ 82 ಸೆಕೆಂಡಿಗೆ ಇಂಧನ ಟ್ಯಾಂಕಿನಿಂದ ಕಿತ್ತುಬಂದ ಫೋಮ್ ತುಂಡು ಕೊಲಂಬಿಯಾದ ಎಡ ರೆಕ್ಕೆಯ ಅಂಚಿಗೆ ಬಡಿದಿತ್ತು. ಹದಿನಾರು ದಿನ ಕಳೆದು ಮರಳುವಾಗ ಅಲ್ಲಿಂದಲೇ ಬಿಸಿ ಒಳನುಗ್ಗಿತು. ಕ್ಯಾಪ್ಸೂಲ್ ಕೂರೋದು ರಾಕೆಟ್‌ನ ತುದಿಯಲ್ಲಿ. ಅದರ ಶಾಖ ಕವಚ ಮರಳುವ ಹೊತ್ತಿನವರೆಗೂ ಕೆಳಗಿನ ಭಾಗದಿಂದ ಮುಚ್ಚಿರುತ್ತದೆ.

ಹಾಗಂತ ಕ್ಯಾಪ್ಸೂಲ್ ಪವಾಡವೇನಲ್ಲ. 1967ರಲ್ಲಿ ಪ್ಯಾರಾಚೂಟ್ ಕೈಕೊಟ್ಟು ಕೊಮರೋವ್ ಸತ್ತರು. 1971ರಲ್ಲಿ ನೌಕೆಯೊಳಗಿನ ಗಾಳಿ ಸೋರಿ ಮೂವರು ಸತ್ತರು. ಸೋಯುಜ್‌ನ ಸುಮಾರು 150 ಮಾನವ ಯಾನಗಳಲ್ಲಿ ಎರಡು ದುರಂತ. ಶಟಲ್‌ನ 135ರಲ್ಲೂ ಎರಡು, ಸತ್ತವರು 14. ಲೆಕ್ಕ ಹೆಚ್ಚುಕಮ್ಮಿ ಸಮ. ವ್ಯತ್ಯಾಸ ಇರೋದು ತಪ್ಪು ತಿದ್ದಿಕೊಳ್ಳುವುದರಲ್ಲಿ. 1971ರ ನಂತರ ಸೋಯುಜ್‌ನಲ್ಲಿ ಒಂದು ಜೀವವೂ ಹೋಗಿಲ್ಲ. ಶಟಲ್‌ನ ಅಪಾಯ ಅದರ ವಿನ್ಯಾಸದಲ್ಲೇ ಇತ್ತು, ಹಾಗಾಗಿ 2011ರಲ್ಲಿ ಅದನ್ನೇ ನಿಲ್ಲಿಸಿದರು.

ಗಗನಯಾನದ ಆಯ್ಕೆಯ ತರ್ಕ ಇದೇ. ಮೂರು ಮುಖ್ಯ ಪ್ಯಾರಾಚೂಟ್‌ಗಳಲ್ಲಿ ಎರಡು ಬಿಚ್ಚಿಕೊಂಡರೂ ಸಾಕು. ರಾಕೆಟ್ ಕೆಟ್ಟರೆ ಕ್ಯಾಪ್ಸೂಲನ್ನು ಎಳೆದೊಯ್ಯುವ ವ್ಯವಸ್ಥೆಯ ಪರೀಕ್ಷೆ 2023ರ ಅಕ್ಟೋಬರ್ 21ರಂದೇ ಆಗಿದೆ. ಪುಷ್ಪಕ್ ವ್ಯರ್ಥ ಅಂತಲ್ಲ. ಎರಡನೇ ಪರೀಕ್ಷೆಯಲ್ಲಿ ಇಳಿದ ಅದೇ ವಾಹನವನ್ನೇ ಮೂರನೆಯದಕ್ಕೂ ಬಳಸಿದರು. ಮರುಬಳಕೆಯಿಂದ ಖರ್ಚು ತಗ್ಗಿಸುವುದು ಅದರ ಗುರಿ. ಮೊದಲು ಸರಕು ಹೊತ್ತು ತೋರಿಸಲಿ, ಮನುಷ್ಯರ ಮಾತು ಆಮೇಲೆ.

ಉಳಿದದ್ದು ರಾಜಕೀಯ. 2018ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ 2022ರ ಗಡುವು ಘೋಷಿಸಿದರು. ಅದು ದಾಟಿತು. ವಿರೋಧಿಗಳಿಗೆ ಅದು ಗೇಲಿಯ ವಸ್ತು, ಅಭಿಮಾನಿಗಳಿಗೆ ಮುಜುಗರ. ಆದರೆ ಕೊಲಂಬಿಯಾ ತನಿಖಾ ಮಂಡಳಿ ದೂರಿದ್ದು ಫೋಮ್ ಒಂದನ್ನೇ ಅಲ್ಲ. ವೇಳಾಪಟ್ಟಿಯ ಒತ್ತಡವನ್ನೂ, ಎಂಜಿನಿಯರ್‌ಗಳ ಆತಂಕ ಮೇಲಿನವರ ಕಿವಿಗೆ ಬೀಳದ ನಾಸಾದ ಸಂಸ್ಕೃತಿಯನ್ನೂ ಅದು ಹೆಸರಿಸಿತು. ಹಾಗಾಗಿ ನ್ಯೂ ಬಿಇಎಲ್ ರಸ್ತೆಯ ಇಸ್ರೋ ಕೇಂದ್ರ ಕಚೇರಿಗೆ ನಾವು ಕೇಳಬೇಕಾದ್ದು 'ಯಾವಾಗ?' ಅಂತಲ್ಲ. ಯಾವ ಪರೀಕ್ಷೆಯಲ್ಲಿ ಏನು ಕೆಟ್ಟಿತು, ಹೇಗೆ ಸರಿಯಾಯಿತು ಅಂತ. ಯಶಸ್ಸಿನ ವಿಡಿಯೋ ಜೊತೆ ಆ ವರದಿಯೂ ಹೊರಬರಲಿ. ಅದಕ್ಕೆ ಇನ್ನೊಂದು ವರ್ಷ ಹಿಡಿದರೆ ಹಿಡಿಯಲಿ.