ಕಟ್ಟಡಕ್ಕೆ ಮೊದಲು ಕಾರ್ಯಕರ್ತರು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಹೊರದೇಶಗಳಿಗೆ ಹೋಗಿ ನೆಲೆಸಿ, ವಿದ್ಯೆಯಿಂದಲೂ ದುಡಿಮೆಯಿಂದಲೂ ಅನುಕೂಲಸ್ಥರಾದವರು, ಹುಟ್ಟಿದ ಊರಿನ ಋಣವನ್ನು ತೀರಿಸಬೇಕೆಂಬ ಸದಭಿಲಾಷೆಯಿಂದ ಅಲ್ಲಿಯೇ ಒಂದು ಚಿಕ್ಕ ಧರ್ಮಸಂಸ್ಥೆಯನ್ನು ಸ್ಥಾಪಿಸಲು ಮುಂದಾಗುವುದು ಶ್ಲಾಘನೀಯವಾದ ಸಂಗತಿ. ಇಂತಹವರ ಪ್ರಥಮ ಸಂಕಲ್ಪವು ಬಹುಮಟ್ಟಿಗೆ ತಂದೆತಾಯಿಗಳ ಹೆಸರಿನಲ್ಲಿ ಒಂದು ಶಾಲಾ ಕೊಠಡಿಯನ್ನೋ ಚಿಕಿತ್ಸಾಲಯವನ್ನೋ ಕಟ್ಟಿಸುವುದಾಗಿರುತ್ತದೆ. ಆ ಭಾವನೆ ಪೂಜ್ಯವಾದುದೇ. ಆದರೆ ಅಲ್ಪ ನಿಧಿಯ ಸಂಸ್ಥೆಯು ತನ್ನ ಮೊದಲ ಹಣವನ್ನು ಕಲ್ಲು ಗಾರೆಗಳಿಗಲ್ಲ, ಊರಿನಲ್ಲಿ ನೆಲೆನಿಂತು ದುಡಿಯುವ ದಾದಿಗೂ ಶಿಕ್ಷಕಿಗೂ ಸಲ್ಲಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಸೀಮೆಗೆ ಇದು ಹೊಸ ವಿಚಾರವಲ್ಲ. ದಿನಕ್ಕೊಂದು ಮನೆಯಂತೆ ಬಡ ವಿದ್ಯಾರ್ಥಿಗೆ ಉಣಬಡಿಸುತ್ತಿದ್ದ ವಾರಾನ್ನದ ಪದ್ಧತಿಯಲ್ಲಿ ಕಟ್ಟಡವಿರಲಿಲ್ಲ, ಶಿಲಾಫಲಕವಿರಲಿಲ್ಲ. ಇದ್ದುದು, ವಾರವಾರವೂ ತಪ್ಪದೆ ನಡೆಸಿಕೊಂಡು ಬಂದ ಹೊಣೆಯೊಂದೇ. ಜಾತಿಯ ಎಲ್ಲೆಯೊಳಗೆ ಬಹಳಮಟ್ಟಿಗೆ ಸಂಕುಚಿತವಾಗಿದ್ದುದು ಅದರ ದೊಡ್ಡ ದೋಷ. ಆ ದೋಷವನ್ನು ಕಳೆದು ಅದರ ನಿಷ್ಠೆಯನ್ನು ಉಳಿಸಿಕೊಳ್ಳುವುದು ಈಗಿನವರ ಕರ್ತವ್ಯ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಕಾದಂಬರಿಕಾರ ಎಸ್. ಎಲ್. ಭೈರಪ್ಪನವರು ಬಾಲ್ಯದಲ್ಲಿ ಪ್ಲೇಗಿಗೆ ಒಡಹುಟ್ಟಿದವರನ್ನು ಕಳೆದುಕೊಂಡು, ಪರರ ಅನ್ನದ ಆಸರೆಯಿಂದ ವಿದ್ಯಾಭ್ಯಾಸ ಮಾಡಿದವರು. ಆರೋಗ್ಯವನ್ನೂ ವಿದ್ಯೆಯನ್ನೂ ಬೇರೆಬೇರೆಯಾಗಿ ಎಣಿಸಲಾಗದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ದೂರದೇಶದ ದಾನವೂ ಈ ಜಿಲ್ಲೆಗೆ ಅಪರಿಚಿತವಲ್ಲ. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನವರ ಸೇವೆಯಿಂದ ಬೆಳೆದುದು. ಸಮುದ್ರದಾಚೆಯಿಂದ ಹಣದೊಡನೆ ವೈದ್ಯರೂ ದಾದಿಯರೂ ಬಂದು ಇಲ್ಲಿಯೇ ವಾಸಿಸಿದುದರಿಂದ ಅದು ಜನರ ಆಸ್ಪತ್ರೆಯಾಯಿತು. ಕಾರ್ಯಕರ್ತರೇ ಮೊದಲೆಂಬುದಕ್ಕೆ ನಮ್ಮ ಕಾಲದ ನಿದರ್ಶನವೂ ಉಂಟು: 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಸಹಪಾಠಿಗಳು ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಹೆಗ್ಗಡದೇವನಕೋಟೆಯ ಗಿರಿಜನರ ನಡುವೆ ಮೊದಲು ನೆಲೆನಿಂತಿತು. ಸರಗೂರಿನ ಆಸ್ಪತ್ರೆ, ಹೊಸಹಳ್ಳಿಯ ಶಾಲೆಗಳು ತರುವಾಯ ಬೆಳೆದುವು.

ಊರಿನಲ್ಲಿದ್ದವರಿಗಲ್ಲದೆ ಊರಿನ ಅಗತ್ಯ ತಿಳಿಯದು. ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳಲ್ಲಿ ಒದ್ದೆಯಾದ ಹಸಿ ಎಲೆಯನ್ನು ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ಮೈಗೇರಿ, ವಾಂತಿ, ತಲೆಸುತ್ತು, ನಿತ್ರಾಣ ಉಂಟಾಗಬಹುದು. ಇದನ್ನು ಬಿಸಿಲಿನ ಬೇನೆಯಲ್ಲವೆಂದು ಗುರುತಿಸಿ, ಕೈಗವಸು ತೊಡಿಸಿ, ಮಕ್ಕಳನ್ನು ಆ ಕೆಲಸದಿಂದ ಬಿಡಿಸಿ ಶಾಲೆಗೆ ಕಳುಹಿಸುವಂತೆ ಮನೆಯವರ ಮನವೊಲಿಸಲು, ಮನೆಮನೆಯ ಪರಿಚಯವಿರುವ ಒಬ್ಬ ದಾದಿ ಬೇಕು. ಬೀಗ ಹಾಕಿದ ಚಿಕಿತ್ಸಾಲಯದಿಂದ ಅದು ಆಗಲಾರದು.

ನಮ್ಮ ಕಾನೂನೂ ಈ ಮಾರ್ಗಕ್ಕೆ ಅಡ್ಡಿಯಲ್ಲ. ಭಾರತದ ಪೌರತ್ವವನ್ನು ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ದ್ರವ್ಯ ವಿದೇಶಿ ದೇಣಿಗೆಯೆನಿಸದು. ಪರದೇಶದಲ್ಲಿ ನೋಂದಾಯಿಸಿದ ಸಂಸ್ಥೆಯ ಹಣಕ್ಕಾದರೋ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. 2020ರ ತಿದ್ದುಪಡಿಯ ಮೇರೆಗೆ ಅದನ್ನು ಪಡೆದವರು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತದ ವೆಚ್ಚ ಶೇಕಡಾ 20ನ್ನು ಮೀರುವಂತಿಲ್ಲ. ಆದರೆ ಆಸ್ಪತ್ರೆಯ ವೈದ್ಯರ ಹಾಗೂ ಶಾಲೆಯ ಶಿಕ್ಷಕರ ಸಂಬಳವನ್ನು ಆಡಳಿತವೆಚ್ಚವೆಂದು ನಿಯಮ ಎಣಿಸುವುದಿಲ್ಲ.

ಅದುಕಾರಣ, ಸಂಸ್ಥೆ ಕಟ್ಟಲು ಹೊರಟವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಹೋಬಳಿಯೊಂದನ್ನು ಆರಿಸಿಕೊಂಡು, ಅಲ್ಲಿ ಈಗಾಗಲೇ ಇರುವ ಸರ್ಕಾರಿ ಶಾಲೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒತ್ತಾಸೆಯಾಗಿ, ಒಬ್ಬ ದಾದಿಯ ಮತ್ತು ಒಬ್ಬ ಶಿಕ್ಷಕಿಯ ಹತ್ತು ವರ್ಷಗಳ ಸಂಬಳವನ್ನು ಮೊದಲು ಮೀಸಲಿಡಿ, ಆ ಊರಿನ ಹೆಂಗಸರೂ ಇರುವ ಸಮಿತಿಯೊಂದಕ್ಕೆ ಲೆಕ್ಕಪತ್ರ ನೋಡುವ ಅಧಿಕಾರವನ್ನು ಕೊಡಿ. ಕಟ್ಟಡವೇ ಅವಶ್ಯವಾದಲ್ಲಿ ಆ ಸಮಿತಿಯವರೇ ಕೇಳುತ್ತಾರೆ. ಆಗ ಧಾರಾಳವಾಗಿ ಕಟ್ಟಿಸಿರಿ.