ರಾಣಿ ಎಂದರೆ ಯಾರು?



ಮೊನ್ನೆ ಶಿರಗುಪ್ಪಿಯ ನಮ್ಮ ಸಂಘದ ಸಭೆಗೆ ಒಬ್ಬ ಸೊಸೆ ಅಳುತ್ತ ಬಂದಳು. "ರಾಣಿ ಹಂಗ ಇಟ್ಕೋತೇವಿ" ಎಂದು ಮದುವೆ ಮಾಡಿಕೊಂಡಿದ್ದ ಅತ್ತೆಮನೆಯವರು, ಹುಂಡಾದ ಬಾಕಿ ತರಲಿಲ್ಲವೆಂದು ರಾತ್ರೋರಾತ್ರಿ ಹೊರಗೆ ಹಾಕಿದ್ದರು. ಅಂದಿನಿಂದ ಆ 'ರಾಣಿ' ಎಂಬ ಮಾತು ನನ್ನನ್ನು ಕಾಡುತ್ತಿದೆ.

ಇಂದಿನ ಇರಾಕಿನಲ್ಲಿ ಹಿಂದೆ ಅಕ್ಕಾಡಿಯನ್ ಎಂಬ ಭಾಷೆ ಇತ್ತು. ಹಸಿ ಮಣ್ಣಿನ ಹಲಗೆಗಳ ಮೇಲೆ ಬರೆಯುತ್ತಿದ್ದರು. ಅದರಲ್ಲಿ ರಾಜ 'ಶರ್ರು'. ಹೆಣ್ಣಿನ ಪ್ರತ್ಯಯ ಸೇರಿದರೆ 'ಶರ್ರತು'. ನಮ್ಮ ಅರಸ, ಅರಸಿ ಇದ್ದ ಹಾಗೆ. ಆದರೆ ಅಸ್ಸೀರಿಯದಲ್ಲಿ ದೊರೆಯ ಹೆಂಡತಿಯನ್ನು ಶರ್ರತು ಎನ್ನುತ್ತಿರಲಿಲ್ಲ! ಅವಳಿಗೆ 'ಅರಮನೆಯವಳು' ಎಂಬ ಅರ್ಥದ ಬೇರೆ ಪದ. ಶರ್ರತು ಎಂದರೆ ದೇವತೆ, ಇಲ್ಲವೇ ತಾನೇ ಆಳುವವಳು. ಕ್ರಿ.ಪೂ. 8ನೇ ಶತಮಾನದಲ್ಲಿ ತಮ್ಮ ದೊರೆಯನ್ನು ಎದುರಿಸಿದ ಅರಬರ ಸಂಸಿಯನ್ನು ಅಸ್ಸೀರಿಯದ ಶಾಸನಗಳೇ ಶರ್ರತು ಎಂದಿವೆ. ವೈರಿಯೂ ಒಪ್ಪಿಕೊಂಡ ಪದವಿ ಅದು.

ನಮ್ಮಲ್ಲಿ ಈ ಭೇದ ಅಳಿಸಿಹೋಗಿದೆ. ರಾಣಿ ಎಂದರೆ ರಾಜನ ಹೆಂಡತಿ, ಗೌಡತಿ ಎಂದರೆ ಗೌಡರ ಹೆಂಡತಿ. ಮೊದಲು ಹೀಗಿರಲಿಲ್ಲ. 10ನೇ ಶತಮಾನದಲ್ಲಿ ಗಂಡ ತೀರಿಕೊಂಡ ಮೇಲೆ ಜಕ್ಕಿಯಬ್ಬೆ ನಾಗರಖಂಡದ ನಾಳ್ಗಾವುಂಡ ಪದವಿಯನ್ನು ತಾನೇ ನಡೆಸಿದಳು. ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳಿದಳು. 1047ರಲ್ಲಿ ನಮ್ಮದೇ ಜಿಲ್ಲೆಯ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಶಾಸನಗಳಲ್ಲಿ ಅವಳನ್ನು ನೆನೆದದ್ದು ಯಾರದೋ ಹೆಂಡತಿ ಎಂದಲ್ಲ.

ಆ ಸೊಸೆಯ ಮನೆಯ ಉತಾರ ತರಿಸಿ ನೋಡಿದೆವು. ಎಲ್ಲ ಮಾವನ ಹೆಸರಿನಲ್ಲಿ. "ನನ್ನ ಹೆಸರ ಇಲ್ಲಲ್ರಿ ಅಕ್ಕಾರ, ಹೆಂಗ ಕೇಳ್ಲಿ?" ಎಂದಳು. ಕೇಳಬಹುದು, ತಂಗೀ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 17ನೇ ಕಲಮಿನಂತೆ, ಕಾಗದದಲ್ಲಿ ಹೆಸರಿಲ್ಲದಿದ್ದರೂ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಣ್ಣಿಗಿದೆ. ಕಾನೂನಿನ ಕ್ರಮವಿಲ್ಲದೆ ಹೊರಗೆ ಹಾಕುವಂತಿಲ್ಲ. ಇದು ವಾಸದ ಹಕ್ಕು, ಒಡೆತನವಲ್ಲ, ನಿಜ. ತವರಿನ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಡುವ ಕಾನೂನು ನಮ್ಮ ರಾಜ್ಯದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಆದರೂ ಅಣ್ಣ ತಮ್ಮಂದಿರು ಕರೆದಾಗ ಹೋಗಿ ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿ, ಒಂದು ಸೀರೆ ಉಡಿಸಿಕೊಂಡು ಬರುವವರು ನಾವೇ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನೂ ಹಾಗೆ ಬಂದವಳೇ.

ಆ ಹುಡುಗಿಯ ಅರ್ಜಿಯನ್ನು ಸಂರಕ್ಷಣಾಧಿಕಾರಿಗೆ ಕೊಟ್ಟಿದ್ದೇವೆ. ಮುಂದಿನ ಸಭೆಗೆ ಎಲ್ಲರೂ ನಿಮ್ಮ ನಿಮ್ಮ ಮನೆಯ ಉತಾರ ತನ್ನಿ. ನಾನೂ ನನ್ನದನ್ನು ತರುತ್ತೇನೆ.